ಮೂಗಾರೆ ತಿಳಿದವರು

ಹೈಸ್ಕೂಲಿನ ದಿನಗಳು. ಬೇಸಿಗೆ ರಜೆಗೆ ಸಾಗರದ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಕರು ಹಾಕಿ ಮೂರು ವಾರವಾಗಿದ್ದ ಜರ್ಸಿ ಮಿಶ್ರತಳಿಯ ಹಸುವೊಂದಿತ್ತು. ಬೆಳಿಗ್ಗೆ ಹಾಲು ಕರೆಯಲು ಕೂತ ಚಿಕ್ಕಮ್ಮ ತಂಬಿಗೆಯನ್ನು ಪಕ್ಕಕ್ಕಿಟ್ಟು ಎದ್ದಳು. ಹಸುವಿನ ಮುಸುಡಿಯ ಹತ್ತಿರ ಹೋಗಿ, ಅದರ ಹೊಳ್ಳೆಗೆ ತನ್ನ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಮುಚ್ಚಿಕೊಂಡು ಎರಡು ಉಸಿರು ಎಳೆದುಕೊಂಡಳು. ‘ಇದಕ್ಕೆ ಹುಷಾರಿಲ್ಲ. ಉಸಿರಲ್ಲಿ ಕಳಿತ ಹಣ್ಣಿನ ವಾಸನೆ ಇದೆ’ ಅಂದಳು.

ಚಿಕ್ಕಪ್ಪ ಬಂದು ಮೂಸಿ ನೋಡಿದರು. ಏನೂ ಇಲ್ಲ. ನಾನೂ ಮೂಸಿದೆ. ಹುಲ್ಲು, ಮೆಲುಕು, ಬೆಚ್ಚನೆಯ ಉಸಿರು, ಅಷ್ಟೇ. ಹಸು ಅವತ್ತು ಎಂದಿನಷ್ಟೇ ಹಾಲು ಕೊಟ್ಟಿತು. ಮೂರನೇ ದಿನಕ್ಕೆ ಹಾಲು ಅರ್ಧಕ್ಕಿಳಿಯಿತು. ಹಿಂಡಿಗೆ ಬಾಯಿ ಹಾಕದೆ ಒಣಹುಲ್ಲನ್ನಷ್ಟೇ ಕೆದಕುತ್ತ ನಿಂತಿತು. ಪಶುವೈದ್ಯರು ಬಂದರು. ಗಾಜಿನ ನಳಿಗೆಯಲ್ಲಿ ಚೂರು ಬಿಳಿ ಪುಡಿ ಹಾಕಿ, ಹಸುವಿನ ಮೂತ್ರದ ನಾಲ್ಕು ಹನಿ ಬಿಟ್ಟರು. ನಾವು ನೋಡುತ್ತಿದ್ದಂತೆ ಪುಡಿ ನೇರಳೆ ಬಣ್ಣಕ್ಕೆ ತಿರುಗಿತು. ‘ಕೀಟೋಸಿಸ್’ ಅಂದರು. ಕರು ಹಾಕಿದ ಹೊಸತರಲ್ಲಿ ಮೈಯಲ್ಲಿರುವ ಶಕ್ತಿಯೆಲ್ಲ ಹಾಲಿಗೆ ಹೋಗುತ್ತದೆ, ತಿಂದದ್ದು ಸಾಲದೆ ಹಸು ತನ್ನ ಮೈಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಆಗ ಹುಟ್ಟುವ ಕೀಟೋನುಗಳು ಉಸಿರಲ್ಲೂ ಮೂತ್ರದಲ್ಲೂ ಹಾಲಲ್ಲೂ ಹೊರಬರುತ್ತವೆ ಎಂದು ವಿವರಿಸಿದರು. ಕತ್ತಿನ ರಕ್ತನಾಳಕ್ಕೆ ಗ್ಲೂಕೋಸ್ ಬಾಟಲಿ ಏರಿಸುತ್ತ ಚಿಕ್ಕಮ್ಮನ ಕಡೆ ತಿರುಗಿ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ‘ಆ ವಾಸನೆ ಎಲ್ಲರಿಗೂ ಗೊತ್ತಾಗಲ್ಲಮ್ಮ. ನನಗೂ ಗೊತ್ತಾಗಲ್ಲ. ಅದಕ್ಕೇ ಈ ಪುಡಿ ಇಟ್ಕೊಂಡಿರೋದು.’

ಅವಳ ಮೂಗಿಗೆ ಸಿಕ್ಕ ಮರ್ಯಾದೆ ಅದೊಂದೇ ಇರಬೇಕು. ಉಳಿದಂತೆ ಆ ಮೂಗು ಅವಳ ಬದುಕಿಗೆ ಕಾಟವೇ ಆಗಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರ ಮುಡಿಯ ಮಲ್ಲಿಗೆ, ಡೀಸೆಲ್ ಹೊಗೆ, ಯಾರದೋ ತಲೆಯ ಎಣ್ಣೆ ಮೂರೂ ಕೂಡಿದರೆ ಸಾಕು, ಊರು ಬರುವ ಹೊತ್ತಿಗೆ ತಲೆ ಸಿಡಿದುಹೋಗುತ್ತಿತ್ತು. ಮದುವೆಮನೆಯಲ್ಲಿ ಎಲ್ಲರೂ ಚಪ್ಪರದಡಿ ಇದ್ದರೆ ಅವಳು ಹಿತ್ತಲ ಬಾವಿಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಊಟ ಸೇರುತ್ತಿರಲಿಲ್ಲ. ‘ಎಲ್ಲರಿಗೂ ಇಲ್ಲದ್ದು ಇವಳಿಗೊಬ್ಬಳಿಗೆ’, ‘ಸೋಗು’, ‘ಮೂಗಿನ ತುದಿಯಲ್ಲೇ ಇರ್ತಾಳೆ’ ಎಂಬ ಮಾತುಗಳು ಅವಳ ಬೆನ್ನ ಹಿಂದೆಯೂ ಕೇಳುತ್ತಿದ್ದವು, ಎದುರಿಗೂ ಕೇಳುತ್ತಿದ್ದವು. ನಾವು ಮಕ್ಕಳೂ ಆ ಮಾತುಗಳನ್ನು ಕಲಿತೆವು.

ಅವಳ ನೆನಪು ಮತ್ತೆ ಗಟ್ಟಿಯಾಗಿ ಹಿಡಿದುಕೊಂಡದ್ದು ಸ್ಕಾಟ್ಲೆಂಡಿನ ಪರ್ತ್ ಎಂಬ ಊರಿನ ಜಾಯ್ ಮಿಲ್ನ್ ಅವರ ಕತೆ ಓದಿದಾಗ.

ಜಾಯ್ ನರ್ಸ್. ಗಂಡ ಲೆಸ್ ಅರಿವಳಿಕೆ ತಜ್ಞ. ಹರೆಯದಲ್ಲೇ ಪರಿಚಯವಾಗಿ ಮೆಚ್ಚಿ ಮದುವೆಯಾದವರು. ಅವನ ಮೈಯ ಕಸ್ತೂರಿಯಂಥ ಗಂಧ ತನಗೆ ಬಹಳ ಇಷ್ಟವಾಗಿತ್ತು ಎಂದು ಜಾಯ್ ಹೇಳಿಕೊಂಡಿದ್ದಾರೆ. ಲೆಸ್‌ಗೆ ಮೂವತ್ತು ದಾಟಿದ ಹೊಸತರಲ್ಲಿ ಒಂದು ದಿನ ಆ ಗಂಧ ಬದಲಾಯಿತು. ಹುದುಗು ಬಂದ ಹಿಟ್ಟಿನಂಥ, ಮುಗ್ಗಲು ಬೆರೆತ ಭಾರವಾದ ವಾಸನೆ. ಆಸ್ಪತ್ರೆಯ ವಾಸನೆ ಅಂಟಿಕೊಂಡಿದೆಯೇನೋ, ಸ್ನಾನ ಸರಿಯಾಗಿ ಮಾಡುತ್ತಿಲ್ಲವೇನೋ ಅಂದುಕೊಂಡರು. ಮತ್ತೊಂದು ಸಲ ಸ್ನಾನ ಮಾಡು ಎಂದು ಹೇಳಿದರು, ಮತ್ತೆ ಮತ್ತೆ ಹೇಳಿದರು. ಲೆಸ್‌ಗೆ ಸಿಟ್ಟು ಬಂತು. ಬೇರೆ ಯಾರಿಗೂ ಬಾರದ ವಾಸನೆ ಇವಳಿಗೆ ಮಾತ್ರ ಬರುತ್ತದೆ ಅಂದರೆ? ಜಗಳಗಳಾದವು. ಕೊನೆಗೆ ಜಾಯ್ ಆ ಮಾತೆತ್ತುವುದನ್ನೇ ಬಿಟ್ಟರು.

ವಾಸನೆ ಹೋಗಲಿಲ್ಲ. ಬರಬರುತ್ತ ಲೆಸ್ ಸ್ವಭಾವವೂ ಬೇರೆಯಾಯಿತು. ಒಂದು ರಾತ್ರಿ ನಿದ್ದೆಗಣ್ಣಿನಲ್ಲೇ ಕೂಗಾಡಿ ಪಕ್ಕದಲ್ಲಿದ್ದ ಹೆಂಡತಿಯನ್ನು ಹಿಡಿದು ಅಲುಗಾಡಿಸಿದಾಗ, ಮೆದುಳಿನಲ್ಲಿ ಗೆಡ್ಡೆ ಇದೆಯೇನೋ ಎಂದು ಹೆದರಿ ವೈದ್ಯರ ಬಳಿ ಕರೆದೊಯ್ದರು. ಗೆಡ್ಡೆ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಇತ್ತು. ಆಗ ಅವರಿಗೆ 45 ವರ್ಷ. ವಾಸನೆ ಬದಲಾಗಿ ಸುಮಾರು 12 ವರ್ಷ ಕಳೆದಿತ್ತು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ‘ನಡುಗುವ ಪಾರ್ಶ್ವವಾಯು’ ಇದು. ನಮ್ಮ ಆಯುರ್ವೇದದವರು ಕಂಪವಾತ ಅನ್ನುತ್ತಾರೆ. ಕೈ ನಡುಗುವುದು, ಹೆಜ್ಜೆ ಗಿಡ್ಡವಾಗುವುದು, ಮುಖ ಮರಗಟ್ಟಿದಂತಾಗುವುದು ಕಣ್ಣಿಗೆ ಬೀಳುವ ಹೊತ್ತಿಗೆ, ಡೋಪಮಿನ್ ತಯಾರಿಸುವ ಮೆದುಳಿನ ಕೋಶಗಳು ಅರ್ಧದಷ್ಟೋ ಅದಕ್ಕೂ ಹೆಚ್ಚೋ ಅಳಿದಿರುತ್ತವೆ. ಮನೆ ಅರ್ಧ ಸುಟ್ಟ ಮೇಲೆ ಹೊಗೆ ಕಂಡಂತೆ. ಇನ್ನೂ ಒಂದು ವಿಚಿತ್ರವಿದೆ. ಈ ರೋಗ ಬಂದವರಲ್ಲಿ ಬಹುಪಾಲು ಮಂದಿಗೆ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ವಾಸನೆ ಹಿಡಿಯುವ ಶಕ್ತಿ ಕುಂದಿರುತ್ತದೆ. ತನ್ನದೇ ಒಂದು ವಾಸನೆ ಇಟ್ಟುಕೊಂಡ ಕಾಯಿಲೆ ರೋಗಿಯ ಮೂಗನ್ನೇ ಮೊದಲು ಕಟ್ಟಿಬಿಡುತ್ತದೆ. ಹಾಗಾಗಿ ಅದನ್ನು ಹಿಡಿಯಬೇಕಾದವರು ಪಕ್ಕದಲ್ಲಿ ಮಲಗಿದವರೇ.

ಎಷ್ಟೋ ವರ್ಷಗಳ ಮೇಲೆ ದಂಪತಿ ಪಾರ್ಕಿನ್ಸನ್ ರೋಗಿಗಳ ಸಭೆಯೊಂದಕ್ಕೆ ಹೋದರು. ಕೋಣೆಯೊಳಗೆ ಕಾಲಿಟ್ಟ ಕೂಡಲೇ ಜಾಯ್ ಬೆಚ್ಚಿದರು. ಗಂಡನ ಮೈಯದು ಎಂದುಕೊಂಡಿದ್ದ ಅದೇ ವಾಸನೆ ಕೋಣೆಯ ತುಂಬ ಇತ್ತು. ಒಬ್ಬರ ಮೇಲೆ ಹೆಚ್ಚು, ಇನ್ನೊಬ್ಬರ ಮೇಲೆ ಕಮ್ಮಿ. ಇಷ್ಟು ವರ್ಷ ಜಗಳ ತೆಗೆದ ವಾಸನೆ ಗಂಡನದಲ್ಲ, ಕಾಯಿಲೆಯದು ಎಂದು ಗೊತ್ತಾದ ಆ ಗಳಿಗೆಯನ್ನು ನಾನು ಬಹಳ ಸಲ ಊಹಿಸಿಕೊಂಡಿದ್ದೇನೆ. ಅಷ್ಟು ವರ್ಷಗಳ ಮುನಿಸು, ಬಾಗಿಲು ಹಾಕಿಕೊಂಡ ರಾತ್ರಿಗಳು ಯಾರ ಲೆಕ್ಕಕ್ಕೆ? ಜಾಯ್‌ಗೆ ಗೊತ್ತಿತ್ತು, ಆದರೆ ಏನು ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಇಂದ್ರಿಯವೊಂದು ಮಿತಿಮೀರಿ ಚುರುಕಾಗಿರುವವರ ನಿಜವಾದ ಕಷ್ಟ ತಲೆನೋವಿಗಿಂತಲೂ ಇದೇ ಅನ್ನಿಸುತ್ತದೆ.

2012ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿ ಟೀಲೋ ಕುನಾಥ್ ಸಾರ್ವಜನಿಕ ಉಪನ್ಯಾಸವೊಂದನ್ನು ಕೊಟ್ಟಾಗ ಸಭೆಯಲ್ಲಿದ್ದ ಜಾಯ್ ಎದ್ದು ನಿಂತು, ರೋಗ ಪತ್ತೆಗೆ ಪಾರ್ಕಿನ್ಸನ್ನಿನ ವಾಸನೆಯನ್ನು ಯಾಕೆ ಬಳಸುತ್ತಿಲ್ಲ ಎಂದು ಕೇಳಿದರು. ರೋಗಿಗಳಿಗೆ ವಾಸನೆ ತಿಳಿಯದೇ ಹೋಗುವುದರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡರು ಕುನಾಥ್. ಅಲ್ಲ, ರೋಗಿಗಳ ಮೈಯಿಂದ ಬರುವ ವಾಸನೆ ಅಂದರು ಜಾಯ್. ಮಾತು ಅಲ್ಲಿಗೇ ನಿಂತಿತು. ಆಮೇಲೆ ಕುನಾಥ್ ಇದನ್ನು ಸಹೋದ್ಯೋಗಿಯೊಬ್ಬರ ಮುಂದೆ ಹೇಳಿದಾಗ, ಆ ಹೆಂಗಸನ್ನು ಹುಡುಕು ಎಂಬ ಸಲಹೆ ಬಂತು. ಹುಡುಕಿದರು. ಕುನಾಥ್ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ. ಮೊದಲ ಸಲ ಕೇಳಿಸಿಕೊಳ್ಳದೆ ಬಿಟ್ಟದ್ದನ್ನು ಅವರು ಎರಡನೇ ಸಲ ಹೋಗಿ ಕೇಳಿದರು.

ಪರೀಕ್ಷೆ ಸರಳವಾಗಿತ್ತು. ಆರು ಮಂದಿ ರೋಗಿಗಳು, ಆರು ಮಂದಿ ಆರೋಗ್ಯವಂತರು. ಎಲ್ಲರೂ ತೊಟ್ಟು ಮಲಗಿದ ಟೀ ಶರ್ಟುಗಳನ್ನು ಗುರುತಿಲ್ಲದಂತೆ ಜಾಯ್ ಮುಂದೆ ಇಟ್ಟರು. ಬೆವರು ಹೆಚ್ಚಿರುವ ಕಂಕುಳಲ್ಲಿ ವಾಸನೆ ಇರಬಹುದೆಂದು ವಿಜ್ಞಾನಿಗಳು ಎಣಿಸಿದ್ದರೆ, ಜಾಯ್ ಮೂಗು ಹೋದದ್ದು ಕತ್ತಿನ ಪಟ್ಟಿಯ ಹಿಂಭಾಗಕ್ಕೆ, ಬೆನ್ನಿನ ಮೇಲ್ಭಾಗಕ್ಕೆ. ಆರೂ ರೋಗಿಗಳನ್ನು ಅವರು ಸರಿಯಾಗಿ ಹೇಳಿದರು. ಆದರೆ ಆರೋಗ್ಯವಂತರ ಗುಂಪಿನ ಒಂದು ಶರ್ಟಿಗೂ ಪಾರ್ಕಿನ್ಸನ್ ವಾಸನೆ ಇದೆ ಎಂದು ಹಟ ಹಿಡಿದರು. ಹನ್ನೆರಡರಲ್ಲಿ ಒಂದು ತಪ್ಪು ಎಂದು ಬರೆದುಕೊಂಡರು. ವರ್ಷ ತುಂಬುವ ಮೊದಲೇ ಆ ಶರ್ಟಿನ ವ್ಯಕ್ತಿ ಕುನಾಥ್‌ರನ್ನು ಸಂಪರ್ಕಿಸಿದರು. ತನಗೆ ಪಾರ್ಕಿನ್ಸನ್ ಇದೆ ಎಂದು ವೈದ್ಯರು ಹೇಳಿದ್ದಾರೆ ಅಂದರು.

ಮುಂದಿನ ಕೆಲಸ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞೆ ಪರ್ಡಿಟಾ ಬ್ಯಾರನ್ ಅವರ ಪ್ರಯೋಗಾಲಯದಲ್ಲಿ ನಡೆಯಿತು. ಬೆನ್ನಿನ ಮೇಲ್ಭಾಗದ ಚರ್ಮ ಸ್ರವಿಸುವ ಜಿಡ್ಡನ್ನು ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದರು. ಇದಕ್ಕೆ ಸೀಬಮ್ ಎನ್ನುತ್ತಾರೆ. ಪಾರ್ಕಿನ್ಸನ್ ರೋಗಿಗಳ ಚರ್ಮ ಹೆಚ್ಚು ಜಿಡ್ಡಾಗುತ್ತದೆ ಎಂಬುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು, ಆ ಜಿಡ್ಡನ್ನು ಯಾರೂ ಮೂಸಿ ನೋಡಿರಲಿಲ್ಲ ಅಷ್ಟೇ. ಜಿಡ್ಡನ್ನು ಬಿಸಿ ಮಾಡಿ, ಆವಿಯಾಗುವ ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸುವ ಯಂತ್ರಕ್ಕೆ ಹಾಯಿಸಿದರು. ಯಂತ್ರದ ಒಂದು ಬದಿಯಲ್ಲಿ ಮೂಗಿಡುವ ಕೊಳವೆ. ಅಲ್ಲಿ ಜಾಯ್ ಕೂತರು. ನಿಮಿಷ ನಿಮಿಷಕ್ಕೂ ಒಂದೊಂದು ವಾಸನೆ ಮೂಗಿನ ಮುಂದೆ ಬಂದು ಹೋಗುತ್ತಿತ್ತು. ಇಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಅವರಿಗೆ ಪರಿಚಯದ ಆ ವಾಸನೆ ಬಂತು. ಯಂತ್ರ ಅದೇ ಹೊತ್ತಿನಲ್ಲಿ ಏನನ್ನು ದಾಖಲಿಸಿದೆ ಎಂದು ನೋಡಿದರೆ ಆಯಿತು. ರೋಗಿಗಳಲ್ಲಿ ಹಿಪ್ಯೂರಿಕ್ ಆಮ್ಲ, ಐಕೋಸೇನ್, ಆಕ್ಟಡೆಕನಾಲ್ ಹೆಚ್ಚಿದ್ದವು, ಪೆರಿಲಿಕ್ ಆಲ್ಡಿಹೈಡ್ ಕಡಿಮೆಯಿತ್ತು. 2019ರಲ್ಲಿ ಸಂಶೋಧನಾ ಪ್ರಬಂಧ ಹೊರಬಂತು. ಮೊದಲ ಲೇಖಕರು ದ್ರುಪದ್ ತ್ರಿವೇದಿ. ಲೇಖಕರ ಸಾಲಿನಲ್ಲಿ ಜಾಯ್ ಮಿಲ್ನ್ ಹೆಸರೂ ಇದೆ. ಪರೀಕ್ಷೆಗೆ ಒಳಪಟ್ಟವರಾಗಿ ಅಲ್ಲ, ಸಂಶೋಧಕರಲ್ಲಿ ಒಬ್ಬರಾಗಿ. ಆ ಸಾಲನ್ನು ಓದಿದಾಗ ಬಾವಿಕಟ್ಟೆಯ ಮೇಲೆ ಕೂತ ಚಿಕ್ಕಮ್ಮ ಕಣ್ಣಮುಂದೆ ಬಂದಳು.

2022ರಲ್ಲಿ ಅದೇ ತಂಡ 79 ರೋಗಿಗಳ, 71 ಆರೋಗ್ಯವಂತರ ಜಿಡ್ಡನ್ನು ಹೋಲಿಸಿ, ಹತ್ತಿಯ ಕಡ್ಡಿಯಿಂದ ಬೆನ್ನು ಒರೆಸಿ ನಿಮಿಷಗಳಲ್ಲಿ ಫಲಿತಾಂಶ ಪಡೆಯುವ ವಿಧಾನವೊಂದನ್ನು ಪ್ರಕಟಿಸಿತು. ಲೆಸ್ ಇದನ್ನು ನೋಡಲಿಲ್ಲ. 2015ರಲ್ಲಿ ತೀರಿಕೊಂಡಿದ್ದರು. ಈ ಕೆಲಸವನ್ನು ಬಿಡಬೇಡ ಎಂದು ಸಾಯುವ ಹಿಂದಿನ ರಾತ್ರಿ ಅವರು ಮಾತು ತೆಗೆದುಕೊಂಡರೆಂದು ಜಾಯ್ ಹೇಳಿದ್ದಾರೆ.

ಮೂಗಿನ ಮಾತನ್ನು ನಾವೇಕೆ ಇಷ್ಟು ಹಗುರವಾಗಿ ತೆಗೆದುಕೊಳ್ಳುತ್ತೇವೆ? ನಮ್ಮ ಭಾಷೆಯನ್ನೇ ನೋಡಿ. ಕಣ್ಣಾರೆ ಕಂಡೆ ಅನ್ನುತ್ತೇವೆ, ಕಿವಿಯಾರೆ ಕೇಳಿದೆ ಅನ್ನುತ್ತೇವೆ, ಬಾಯಾರೆ ಹೊಗಳಿದೆ, ಕೈಯಾರೆ ಕೊಟ್ಟೆ, ಮನಸಾರೆ ಹರಸಿದೆ. ಮೂಗಾರೆ ಎಂಬ ಮಾತಿಲ್ಲ. ಮೂಗು ಸಾಕ್ಷಿ ಹೇಳುವ ಅಂಗವಲ್ಲ. ಅದು ಮುರಿಯುವುದಕ್ಕೆ, ತೂರಿಸುವುದಕ್ಕೆ, ಕೋಪ ಇಟ್ಟುಕೊಳ್ಳುವುದಕ್ಕೆ ಇರುವಂಥದ್ದು. ತಪ್ಪಾಗಿ ಯೋಚಿಸುವವನು ಕೂಡ ಮೂಗಿನ ನೇರಕ್ಕೇ ಯೋಚಿಸುತ್ತಾನೆ. ಹಳಗನ್ನಡದಲ್ಲಿ ಹೂವೂ ನಾರುತ್ತಿತ್ತು, ಈಗ ನಾರುವುದೆಂದರೆ ಕೊಳೆತದ್ದು ಮಾತ್ರ. ‘ವಾಸನೆ ಬರ್ತಿದೆ’ ಅಂದರೂ ಈಗ ದೂರೇ.

ಆದರೂ ಅಡುಗೆಮನೆಯಲ್ಲಿ ಹಳೆಯ ಸಂಪತ್ತು ಪೂರ್ತಿ ಕರಗಿಲ್ಲ. ಸೀದದ್ದು ಬೇರೆ, ಕಮರಿದ್ದು ಬೇರೆ. ಹಳಸಿದ್ದು ಬೇರೆ, ಮುಗ್ಗಿದ್ದು ಬೇರೆ, ಎಣ್ಣೆ ಕಮಟಾದದ್ದೇ ಬೇರೆ. ಒಣಮೆಣಸಿನಕಾಯಿ ಒಗ್ಗರಣೆಯದು ಘಾಟು, ತುಪ್ಪದ್ದು ಘಮ. ಮಾಗಿ ಚಳಿಗೆ ಮಾರುಕಟ್ಟೆಗೆ ಬರುವ ಅವರೆಕಾಯಿಯದು ಮಾತ್ರ ಸೊಗಡು. ಹಳೇ ಮೈಸೂರು ಕಡೆಯವರು ಕಾಯನ್ನು ಕೈಯಲ್ಲಿ ಉಜ್ಜಿ ಮೂಗಿಗೆ ಹಿಡಿಯದೆ ಕೊಳ್ಳುವುದಿಲ್ಲ. ಸೊಗಡಿಲ್ಲದ ಅವರೆ ಎಷ್ಟು ತೋರವಾಗಿದ್ದರೂ ಬುಟ್ಟಿಗೆ ವಾಪಸು. ಮಲಯ ಪರ್ಯಾಯದ್ವೀಪದ ಕಾಡುಗಳಲ್ಲಿ ಬೇಟೆಯಾಡಿ ಬದುಕುವ ಜಹಾಯ್ ಜನರ ಭಾಷೆಯಲ್ಲಿ ಇಂಥ ವಾಸನೆಯ ಪದಗಳು ಹತ್ತು ಹನ್ನೆರಡಿವೆ. ಕೆಂಪು, ಹಸಿರು ಎಂದಷ್ಟೇ ಸಲೀಸಾಗಿ ಅವರು ಅವನ್ನು ಬಳಸುತ್ತಾರೆ. ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹಲ್ಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಹಾಯ್ ಜನರಿಗೂ ಇಂಗ್ಲಿಷ್ ಮಾತಾಡುವವರಿಗೂ ಒಂದೇ ವಾಸನೆಗಳನ್ನು ಮೂಸಿಸಿ ಹೆಸರು ಕೇಳಿದರು. ಜಹಾಯ್ ಜನ ಒಂದೇ ಪದದಲ್ಲಿ, ಒಬ್ಬರಂತೆ ಇನ್ನೊಬ್ಬರು ಹೇಳಿದರು. ಇಂಗ್ಲಿಷಿನವರು ಉದ್ದುದ್ದ ವರ್ಣನೆಗೆ ಇಳಿದರು, ಒಬ್ಬರದು ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಮೂಗು ಮನುಷ್ಯರಿಗೆ ಮೊಂಡಾದದ್ದಲ್ಲ, ಬಳಕೆ ತಪ್ಪಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನಾನು ಕಂಡಿಲ್ಲ.

ಮೂಗಿನಿಂದ ಮೂಗಿಗೆ ಹುಟ್ಟಿನಲ್ಲೇ ವ್ಯತ್ಯಾಸವೂ ಇದೆ. ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯರಲ್ಲಿ ಸುಮಾರು 400 ಬಗೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ರಿಗೆ 2004ರಲ್ಲಿ ನೊಬೆಲ್ ಬಂತು. ಒಬ್ಬರಲ್ಲಿ ಕೆಲಸ ಮಾಡುವ ಗ್ರಾಹಕ ಇನ್ನೊಬ್ಬರಲ್ಲಿ ಸುಮ್ಮನಿರಬಹುದು. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನಂತೆ ಮೂಗಿಗೆ ಬಡಿಯುವುದರ ಹಿಂದೆಯೂ ಇಂಥದ್ದೊಂದು ವಂಶವಾಹಿಯಿದೆ. ಸಾರಿನ ಮೇಲೆ ತೇಲುವ ಕೊತ್ತಂಬರಿಯನ್ನು ಪಕ್ಕಕ್ಕೆ ಸರಿಸಿ ಉಣ್ಣುವ ಮಗುವನ್ನು ಗದರುವ ಮೊದಲು ಇದನ್ನು ನೆನೆಯಬಹುದು. ಮಿತಿಮೀರಿದ ಘ್ರಾಣಶಕ್ತಿಗೆ ವೈದ್ಯರು ಹೈಪರಾಸ್ಮಿಯಾ ಎನ್ನುತ್ತಾರೆ. ಜಾಯ್ ಅವರಿಗೆ ಅದು ಅಜ್ಜಿಯ ಕಡೆಯಿಂದ ಬಂದದ್ದಂತೆ.

ಮೂಗಿನ ಮಾತು ನಂಬಿ ಹೊರಟ ಇನ್ನೊಬ್ಬ ತಾಯಿಯ ಕತೆ ನಾರ್ವೆಯದು. 1930ರ ದಶಕದ ಆರಂಭ. ಬೋರ್ಗ್ನಿ ಎಗೆಲಾಂಡ್ ಎಂಬಾಕೆಗೆ ಇಬ್ಬರು ಮಕ್ಕಳು, ಲಿವ್ ಮತ್ತು ಡಾಗ್. ಹುಟ್ಟಿದಾಗ ಚೆನ್ನಾಗಿದ್ದ ಇಬ್ಬರ ಬುದ್ಧಿಯೂ ಬೆಳೆಯದೆ ನಿಂತುಹೋಯಿತು. ಇಬ್ಬರ ಮೂತ್ರದಲ್ಲೂ ಒಂದು ವಿಚಿತ್ರ ವಾಸನೆ ಇದೆ ಎಂದು ತಾಯಿ ಹೇಳುತ್ತಲೇ ಬಂದಳು. ವೈದ್ಯರಿಂದ ವೈದ್ಯರಿಗೆ ಅಲೆದಳು. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. ಅವರು ರಸಾಯನಶಾಸ್ತ್ರವನ್ನೂ ಓದಿದವರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಕಂದು ಬಣ್ಣಕ್ಕೆ ತಿರುಗಬೇಕಿದ್ದದ್ದು ಕಡು ಹಸಿರಾಯಿತು. ಏಕೆ ಹಸಿರಾಯಿತು ಎಂದು ಬೆನ್ನುಹತ್ತಿ, ಮತ್ತೆ ಮತ್ತೆ ಮೂತ್ರ ತರಿಸಿಕೊಂಡು, 1934ರಲ್ಲಿ ಅವರು ಪ್ರಕಟಿಸಿದ್ದು ಇವತ್ತು ಫೀನೈಲ್‌ಕೀಟೋನ್ಯೂರಿಯಾ ಎಂದು ಕರೆಯುವ ಹುಟ್ಟುಕಾಯಿಲೆಯನ್ನು. ಆಹಾರದ ಫೀನೈಲಲನಿನ್ ಎಂಬ ಅಂಶವನ್ನು ಅರಗಿಸಿಕೊಳ್ಳಲಾರದೆ ಮಿದುಳು ಹಾಳಾಗುವ ಕಾಯಿಲೆ ಅದು. ಹುಟ್ಟಿದ ಕೂಡಲೇ ತಿಳಿದರೆ ಪಥ್ಯದಿಂದ ಮಗುವನ್ನು ಉಳಿಸಿಕೊಳ್ಳಬಹುದು. 1960ರ ದಶಕದಲ್ಲಿ ರಾಬರ್ಟ್ ಗತ್ರಿ ರೂಪಿಸಿದ ಪರೀಕ್ಷೆ ಬಂದ ಮೇಲೆ, ಹಸುಗೂಸಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆಯುವ ಪದ್ಧತಿ ಜಗತ್ತಿನ ಹಲವು ದೇಶಗಳಲ್ಲಿ ನೆಲೆಯಾಯಿತು. ಎಗೆಲಾಂಡಳ ಮಕ್ಕಳಿಗೆ ಅದರಿಂದ ಏನೂ ಆಗಲಿಲ್ಲ, ಹೊತ್ತು ಮೀರಿತ್ತು. ನಂತರ ಹುಟ್ಟಿದ ಸಾವಿರಾರು ಮಕ್ಕಳು ಆ ತಾಯಿಯ ಮೂಗಿನ ಋಣದಲ್ಲಿದ್ದಾರೆ. ಫೋಲಿಂಗ್ ಹೆಸರಿನಲ್ಲಿ ಆ ಕಾಯಿಲೆಯನ್ನು ಕರೆಯುವುದುಂಟು. ತಾಯಿಯ ಹೆಸರಿನಲ್ಲಿ ಯಾರೂ ಕರೆಯುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ.

ಮೊದಲೇ ತಿಳಿದರೆ ಉಳಿಸಿಕೊಳ್ಳಬಹುದೆಂಬ ಸಮಾಧಾನ ಪಾರ್ಕಿನ್ಸನ್ ವಿಷಯದಲ್ಲಿ ಇನ್ನೂ ಇಲ್ಲ. ಡೋಪಮಿನ್ ಕೊರತೆ ತುಂಬುವ ಎಲ್-ಡೋಪಾ ಇದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿ ಕಾಯಿಯ ಬೀಜದಲ್ಲೂ ಅದಿದೆ. ಅದು ನಡುಕವನ್ನು, ಬಿಗಿತವನ್ನು ತಗ್ಗಿಸುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ಹೀಗಿರುವಾಗ ಮೊದಲೇ ತಿಳಿದು ಮಾಡುವುದೇನು? ಅಂಗಡಿಯಲ್ಲಿ, ಬೀದಿಯಲ್ಲಿ ಅಪರಿಚಿತರು ಪಕ್ಕದಲ್ಲಿ ಹಾದುಹೋದಾಗ ಜಾಯ್‌ಗೆ ಆ ವಾಸನೆ ಬರುವುದುಂಟು. ಹೇಳುವಂತಿಲ್ಲ ಎಂಬುದು ವೈದ್ಯಕೀಯ ನೀತಿಶಾಸ್ತ್ರಜ್ಞರು ಅವರಿಗೆ ಕೊಟ್ಟಿರುವ ಸಲಹೆ. ಬ್ರೆಡ್ಡು, ಹಾಲು ಬುಟ್ಟಿಗೆ ಹಾಕಿಕೊಳ್ಳುತ್ತಿರುವ ಯಾರೋ ಒಬ್ಬರ ಮುಂದಿನ ಹತ್ತು ವರ್ಷ ತನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆಕೆ ಸುಮ್ಮನೆ ತನ್ನ ಬುಟ್ಟಿ ಹಿಡಿದು ಮುಂದೆ ಹೋಗಬೇಕು. ಸುಗಂಧ ಪೂಸಿಕೊಂಡವರ ಗದ್ದಲ ತಪ್ಪಿಸಲು ಜನವಿಲ್ಲದ ಹೊತ್ತು ನೋಡಿ ಪೇಟೆಗೆ ಹೋಗುವುದು ಇದರ ಮುಂದೆ ಸಣ್ಣ ತೊಂದರೆಯೇ.

ಚಿಕ್ಕಮ್ಮನಿಗೂ ಹೀಗೆ ಯಾರ ಮೇಲಾದರೂ ಏನಾದರೂ ಬಂದದ್ದುಂಟೇ ಎಂದು ಈಚೆಗೆ ಕೇಳಿದೆ. ಅವಳಿಗೆ ಈಗ ಎಪ್ಪತ್ತೆಂಟು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಿಕ್ಕಪ್ಪನ ಬಾಯಿಯಿಂದಲೂ ಒಂದು ಸಲ ಆ ಕಳಿತ ಹಣ್ಣಿನ ವಾಸನೆ ಬಂದಿತ್ತು ಅಂದಳು, ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸುವುದಕ್ಕೆ ಮುಂಚೆ. ‘ಹಸುವಿಗೆ ಹೇಳಿದ ಹಾಗೆ ಗಂಡನಿಗೆ ಹೇಳೋದು ಹ್ಯಾಗೆ? ಹೇಳಿದ್ರೆ ನಗ್ತಿದ್ರು. ಸುಮ್ನಿದ್ದೆ.’ ಚಿಕ್ಕಪ್ಪ ಬದುಕಿದರು, ಇನ್ಸುಲಿನ್ ಹಿಡಿದು ಇಪ್ಪತ್ತು ವರ್ಷ ಬಾಳಿದರು. ಆದರೂ ಆ ಕೆಲವು ದಿನಗಳ ಮೌನವನ್ನು ಅವಳು ಇನ್ನೂ ಕೆಳಗಿಳಿಸಿಲ್ಲ.

2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ನನ್ನ ಮೂಗು ಸತ್ತುಹೋಯಿತು. ಜ್ವರ ಇಳಿದ ಮೇಲೂ ಕಾಫಿ ಬಿಸಿನೀರಾಗಿತ್ತು, ಹಲಸಿನ ಹಣ್ಣು ಜಾರುವ ರಬ್ಬರ್ ಆಗಿತ್ತು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ನಾಲ್ಕನ್ನೂ ದಿನಕ್ಕೆರಡು ಸಲ ಮೂಸುವ ತರಬೇತಿಯನ್ನು ವೈದ್ಯರು ಹೇಳಿಕೊಟ್ಟರು. ಜರ್ಮನಿಯಲ್ಲಿ ಥಾಮಸ್ ಹುಮೆಲ್ ರೂಪಿಸಿದ ಪದ್ಧತಿಯಂತೆ ಅದು. ನನ್ನ ಪಾಲಿಗೆ ನಾಲ್ಕೂ ಖಾಲಿ ಡಬ್ಬಿಗಳೇ. ವಿಷಯ ತಿಳಿದ ಚಿಕ್ಕಮ್ಮ ದಿನಾ ಸಂಜೆ ಫೋನು ಮಾಡತೊಡಗಿದಳು. ‘ಡಬ್ಬಿ ತೆಗೆದ್ಯಾ? ಲವಂಗ ತಗೋ. ಮೊದ್ಲು ಮೂಗಿನ ತುದಿಗೆ ಚುರುಕ್ ಅನ್ನತ್ತೆ. ಆಮೇಲೆ ಒಳಗೆ ಹೋಗ್ತಾ ಸಿಹಿಯಾಗತ್ತೆ. ಕೊನೇಲಿ ಹಳೇ ಮರದ ಪೆಟ್ಟಿಗೆ ತೆಗೆದ ಹಾಗೆ. ಅವಸರ ಮಾಡ್ಬೇಡ.’ ನಿಂಬೆಗೂ ಹಾಗೇ, ಗುಲಾಬಿಗೂ ಹಾಗೇ. ಜಗಲಿಯಲ್ಲಿ ಕೂತು ಅಂಗಳದ ಮೊದಲ ಮಳೆಯನ್ನೂ ನನಗೆ ಹಾಗೆಯೇ ಹೇಳಿದಳು. ಸುದೀರ್ಘವಾಗಿ, ಯಾರೂ ಅವಳನ್ನು ಸುಮ್ಮನಿರು ಅನ್ನದೆ.

ನಲವತ್ತನೇ ದಿನವೋ ಏನೋ, ಲವಂಗದ ಡಬ್ಬಿಯಲ್ಲಿ ಏನೋ ಸುಳಿಯಿತು. ಲವಂಗವಲ್ಲ. ಸುಟ್ಟ ವಯರಿನಂಥ ಕೆಟ್ಟ ವಾಸನೆ. ಅಳು ಬರುವಂತಾಗಿ ಫೋನು ಮಾಡಿದೆ. ಆ ಕಡೆಯಿಂದ ಒಂದು ಉಸಿರು ಕೇಳಿಸಿತು, ಅವಳೂ ತನ್ನ ಡಬ್ಬಿ ತೆರೆದು ಮೂಸುತ್ತಿದ್ದಳು.

‘ಸುಟ್ಟ ಹಾಗಾ? ಎಡಗಡೆ ಹೊಳ್ಳೆಗೋ, ಬಲಗಡೆಗೋ? ಸರಿಯಾಗಿ ಹೇಳು’ ಅಂದಳು.